ಮುರಿದ ಮೂಳೆಗೆ ಕರಗುವ ಸೆಂಟ್ರಿಂಗ್



ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹುಡುಗ ಊರುಗೋಲು ಹಿಡಿದು ನಿಂತಿದ್ದ. ವಯಸ್ಸು ಹತ್ತೊಂಬತ್ತು ಇಪ್ಪತ್ತು ಇರಬಹುದು. ಒಂದು ವರ್ಷದ ಹಿಂದೆ ಮೋಟರ್‌ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ದೊಡ್ಡ ಮೂಳೆ ಮುರಿದುಕೊಂಡಿದ್ದನಂತೆ. ಮುರಿದದ್ದಷ್ಟೇ ಅಲ್ಲ, ನಡುವಿನ ಒಂದು ಚೂರು ಪುಡಿಯಾಗಿ ಹೋಗಿತ್ತು. ಒಳಗೆ ರಾಡ್ ಹಾಕಿ ತಿಂಗಳುಗಟ್ಟಲೆ ಕಾದರೂ ಮೂಳೆ ಕೂಡಲಿಲ್ಲ. ಕೊನೆಗೆ ಎರಡನೇ ಆಪರೇಷನ್ ಮಾಡಿ, ಅವನ ಸೊಂಟದ ಮೂಳೆಯಿಂದಲೇ ಒಂದಿಷ್ಟು ಕೆರೆದು ತೆಗೆದು ಆ ಖಾಲಿ ಜಾಗಕ್ಕೆ ತುಂಬಿದರು. "ಅಂಕಲ್, ಕಾಲಿಗಿಂತ ಸೊಂಟವೇ ಜಾಸ್ತಿ ದಿನ ನೋಯ್ತು" ಅಂದ.

ಪಕ್ಕದಲ್ಲಿದ್ದ ಅವನ ತಾಯಿ ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು: "ಏನ್ರೀ, ನೀವು ಲ್ಯಾಬಿನಲ್ಲಿ ಮೂಳೆ ಬೆಳೆಸ್ತೀರಂತೆ. ಹಾಗಿದ್ರೆ ನನ್ನ ಮಗನ ಸೊಂಟ ಯಾಕ್ರೀ ಕೆರೆಯಬೇಕಿತ್ತು? ನಿಮ್ಮದನ್ನೇ ತಂದು ಹಾಕಬಹುದಿತ್ತಲ್ಲ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕು ಏನೋ ಹೇಳಿ ಒಬ್ಬಟ್ಟಿನ ಕಡೆ ಜಾರಿಕೊಂಡೆ. ಆದರೆ ಮನೆಗೆ ಬರುವಾಗ ಎಂ 6 ರಸ್ತೆಯುದ್ದಕ್ಕೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ವರ್ಷಗಟ್ಟಲೆ ಇದೇ ಕೆಲಸ ಮಾಡುತ್ತಿರುವ ನಾನು ಒಬ್ಬ ತಾಯಿಗೆ ಸರಿಯಾದ ಉತ್ತರ ಕೊಡದೆ ಬಂದಿದ್ದೆ. ಈ ಲೇಖನವೇ ಆ ಉತ್ತರ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ಮೂಳೆಯೂ ಒಂದು ಆರ್.ಸಿ.ಸಿ.

ಮೊದಲು ಒಂದು ತಿದ್ದುಪಡಿ. ನಾನು ಮೂಳೆ ಬೆಳೆಸುವುದಿಲ್ಲ. ಮೂಳೆ ಬೆಳೆಯುವುದಕ್ಕೆ ಆಸರೆಯಾಗುವ ಒಂದು ಹಂದರ ಮಾಡುತ್ತೇನೆ. ಅದಕ್ಕೆ ಇಂಗ್ಲಿಷಿನಲ್ಲಿ ಸ್ಕ್ಯಾಫೋಲ್ಡ್ ಅನ್ನುತ್ತಾರೆ. ಮನೆ ಕಟ್ಟುವಾಗ ಗೋಡೆಯ ಸುತ್ತ ಬಿದಿರಿನ ಗಳುಗಳಿಂದ ಕಟ್ಟುವ ಸಾರುವೆಗೆ ಇಂಗ್ಲಿಷಿನಲ್ಲಿ ಇರುವುದೂ ಇದೇ ಪದ. ಆದರೆ ನನಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸೆಂಟ್ರಿಂಗ್. ಊರಿನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತು. ತಾರಸಿ ಹಾಕುವ ಮೊದಲು ಮರದ ಹಲಗೆ, ಕಂಬ ಕೊಟ್ಟು ಅಚ್ಚು ಕಟ್ಟುತ್ತಾರೆ. ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತಾರೆ. ಬೇಗ ಬಿಚ್ಚಿದರೆ ತಾರಸಿ ಕುಸಿಯುತ್ತದೆ. ಬಿಚ್ಚದೇ ಬಿಟ್ಟರೆ ಆ ಮನೆಯಲ್ಲಿ ವಾಸ ಮಾಡುವ ಹಾಗಿಲ್ಲ.

ಮೂಳೆ ಕೂಡ ಒಂದು ರೀತಿಯ ಆರ್.ಸಿ.ಸಿ. ಕಟ್ಟಡವೇ. ಅದರ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಈ ಖನಿಜ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್‌ನ ಬಳಗಕ್ಕೆ ಸೇರಿದ್ದು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು, ಮತ್ತೆ ಒಂದಿಷ್ಟು ನೀರು. ಖನಿಜವೇ ಕಾಂಕ್ರೀಟು, ಕೊಲಾಜೆನ್ನೇ ಕಬ್ಬಿಣದ ಸರಳು. ಖನಿಜ ಒತ್ತಡ ತಡೆಯುತ್ತದೆ, ನಾರು ಎಳೆತ ತಡೆಯುತ್ತದೆ.

ಮಕ್ಕಳಿಗೆ ತೋರಿಸಬೇಕಾದರೆ, ಮಾಂಸಾಹಾರ ಮಾಡುವ ಮನೆಗಳಲ್ಲಿ ಒಂದು ಸುಲಭದ ಪ್ರಯೋಗ ಇದೆ. ಕೋಳಿಯ ಕಾಲಿನ ತೆಳ್ಳನೆ ಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ. ಹುಳಿ ಖನಿಜವನ್ನು ಕರಗಿಸಿಬಿಡುತ್ತದೆ. ಉಳಿದ ಮೂಳೆ ರಬ್ಬರಿನ ಹಾಗೆ ಬಗ್ಗುತ್ತದೆ. ಅದೇ ಮೂಳೆಯನ್ನು ಸುಟ್ಟರೆ ನಾರು ಉರಿದು ಹೋಗಿ ಖನಿಜ ಮಾತ್ರ ಉಳಿಯುತ್ತದೆ. ಮುಟ್ಟಿದರೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ಎರಡೂ ಸೇರಿದರೆ ಮಾತ್ರ ಮೂಳೆ. ಹೀಗೆ ಎರಡು ಬೇರೆ ಬೇರೆ ಗುಣದ ವಸ್ತುಗಳನ್ನು ಸೇರಿಸಿ ಮೂರನೆಯ ಗುಣ ಪಡೆಯುವುದಕ್ಕೆ ಕಾಂಪೋಸಿಟ್ ಎನ್ನುತ್ತಾರೆ. ನಮ್ಮ ಹಿರಿಯರು ಮಣ್ಣಿಗೆ ಹುಲ್ಲು ತುಳಿದು ಗೋಡೆ ಎಬ್ಬಿಸುತ್ತಿದ್ದದ್ದೂ ಇದೇ ವಿದ್ಯೆ.

ಆದರೆ ಕಟ್ಟಡಕ್ಕೂ ಮೂಳೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮೂಳೆಗೆ ಜೀವ ಇದೆ. ಅದರೊಳಗೆ ಹಳೆಯದನ್ನು ಅಗೆದು ತೆಗೆಯುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವ ಜೀವಕೋಶಗಳಿವೆ. ಇವು ಮೇಸ್ತ್ರಿಗಳ ಹಾಗೆ ಜೀವಮಾನವಿಡೀ ರಿಪೇರಿ ಮಾಡುತ್ತಲೇ ಇರುತ್ತವೆ. ಆದ್ದರಿಂದಲೇ ಸಾಧಾರಣ ಮುರಿತಕ್ಕೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಟ್ಟರೆ ಸಾಕು, ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಗಾಯದ ಗುರುತು ಕೂಡ ಉಳಿಯದಂತೆ ತನ್ನನ್ನು ತಾನು ಸರಿಮಾಡಿಕೊಳ್ಳುವ ಅಂಗಾಂಶಗಳು ನಮ್ಮ ದೇಹದಲ್ಲಿ ಹೆಚ್ಚಿಲ್ಲ.

ಕೂಡದೇ ಹೋದಾಗ

ಮುರಿದ ಎರಡು ತುದಿಗಳ ನಡುವೆ ಅಂತರ ದೊಡ್ಡದಾದರೆ ಕಷ್ಟ. ಅಪಘಾತ, ಸೋಂಕು, ಗೆಡ್ಡೆ ತೆಗೆದ ಜಾಗ, ಇಂಥಲ್ಲಿ ಮೂಳೆಯ ಮೇಸ್ತ್ರಿಗಳು ಆಚೆ ದಡ ಕಾಣದೆ ಕೆಲಸ ನಿಲ್ಲಿಸುತ್ತಾರೆ. ಆಗ ಸರ್ಜನ್‌ಗಳ ಮೊದಲ ಆಯ್ಕೆ ರೋಗಿಯದೇ ಮೂಳೆ. ಹೆಚ್ಚಾಗಿ ಸೊಂಟದ ಮೇಲಂಚಿನಿಂದ ತೆಗೆದದ್ದು. ಅದರಲ್ಲಿ ಮೂರು ವಸ್ತು ಒಟ್ಟಿಗೆ ಸಿಗುತ್ತವೆ: ಜೀವಂತ ಜೀವಕೋಶಗಳು, ಅವಕ್ಕೆ ಕೆಲಸ ಹೇಳುವ ರಾಸಾಯನಿಕ ಸಂದೇಶಗಳು, ಮತ್ತು ಅವು ಹಬ್ಬಿಕೊಳ್ಳಲು ಸಿದ್ಧವಾದ ಹಂದರ. ಈ ಮೂರರ ಲೆಕ್ಕ ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಆದರೆ ಸೊಂಟದಿಂದ ತೆಗೆಯಬಹುದಾದದ್ದಕ್ಕೂ ಒಂದು ಮಿತಿ ಇದೆ. ತೆಗೆದ ಜಾಗ ನೋಯುತ್ತದೆ. ವಯಸ್ಸಾದವರಲ್ಲಿ ಆ ಮೂಳೆಯ ಗುಣವೂ ಕಡಿಮೆ. ಎರಡನೇ ಆಯ್ಕೆ ದಾನಿಗಳ ಮೂಳೆ. ಅದನ್ನು ಶುದ್ಧಮಾಡಿ ಬ್ಯಾಂಕಿನಲ್ಲಿ ಇಟ್ಟಿರುತ್ತಾರೆ. ಮೂರನೆಯದು ಪ್ರಾಣಿ ಮೂಲದ್ದು. ಇದನ್ನು ನಮ್ಮವರಿಗೆ ಬಿಡಿಸಿ ಹೇಳಲೇಬೇಕು. ಹಲ್ಲಿನ ಇಂಪ್ಲಾಂಟ್ ಹಾಕುವಾಗ ದವಡೆಗೆ ತುಂಬುವ ಬಿಳಿ ಪುಡಿಗಳಲ್ಲಿ ಬಹಳ ಹೆಸರುವಾಸಿಯಾದ ಒಂದು, ಬಯೋ-ಆಸ್, ಹಸುವಿನ ಮೂಳೆಯಿಂದ ಮಾಡಿದ್ದು. ಮೂಳೆ ಬೆಳೆಸುವ ಬಿ.ಎಂ.ಪಿ.-2 ಎಂಬ ಪ್ರೋಟೀನನ್ನು ಅಮೆರಿಕದಲ್ಲಿ 2002ರಲ್ಲಿ ಬೆನ್ನುಮೂಳೆಯ ಆಪರೇಷನ್ನಿಗೆ ಒಪ್ಪಿದರಲ್ಲ, ಅದನ್ನು ನೆನೆಸಿ ಇಡುವ ಸ್ಪಂಜು ಕೂಡ ದನದ ಕೊಲಾಜೆನ್ನೇ. ಇದರಲ್ಲಿ ತಪ್ಪು ಸರಿ ಹೇಳುವುದು ನನ್ನ ಕೆಲಸವಲ್ಲ. ನಮ್ಮಲ್ಲಿ ಕೆಲವರಿಗೆ ಇದು ದೊಡ್ಡ ವಿಷಯ, ಕೆಲವರಿಗೆ ಅಲ್ಲ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು "ಇದು ಎಲ್ಲಿಂದ ಬಂದದ್ದು, ಬೇರೆ ಆಯ್ಕೆ ಇದೆಯೇ" ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ. ಸಂಕೋಚ ಪಡದೆ ಕೇಳಿ. ಸರ್ಜನ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ.

ಕರಗುವ ದಾರದಿಂದ ಕರಗುವ ಹಂದರಕ್ಕೆ

ಹಾಗಾದರೆ ಈ ಹಂದರವನ್ನು ಕಾರ್ಖಾನೆಯಲ್ಲೇ ಮಾಡಬಾರದೇಕೆ? ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಂಗಾಂಶ ಎಂಜಿನಿಯರಿಂಗ್ ಬಗ್ಗೆ ಬರೆದ ಲೇಖನ ಈ ಕ್ಷೇತ್ರಕ್ಕೆ ದಿಕ್ಕು ಕೊಟ್ಟಿತು. ಬೆನ್ನ ಮೇಲೆ ಮನುಷ್ಯರ ಕಿವಿ ಹೊತ್ತ ಇಲಿಯ ಚಿತ್ರ ನಿಮಗೆ ನೆನಪಿರಬಹುದು. ಅದರ ವರದಿ ಪ್ರಕಟವಾದದ್ದು 1997ರಲ್ಲಿ. ಅದು ನಿಜವಾದ ಕಿವಿಯಲ್ಲ. ಕಿವಿಯ ಆಕಾರದ ಕರಗುವ ಪಾಲಿಮರ್ ಹಂದರದ ಮೇಲೆ ಬೆಳೆಸಿದ ಮೃದ್ವಸ್ಥಿ ಅಷ್ಟೇ.

ಕರಗುವ ಪಾಲಿಮರ್ ಎಂದರೆ ಗಾಬರಿಯಾಗಬೇಡಿ. ಬಾಣಂತನದಲ್ಲೋ ಅಪೆಂಡಿಕ್ಸ್ ಆಪರೇಷನ್ನಿನಲ್ಲೋ ಹಾಕಿದ, ಬಿಚ್ಚಬೇಕಾಗಿಲ್ಲದ ಹೊಲಿಗೆ ನಿಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಕರಗಿ ಹೋಗಿದೆ. ಅಂಥ ದಾರಗಳು 1970ರ ದಶಕದಿಂದ ಬಳಕೆಯಲ್ಲಿವೆ. ಅದೇ ಮನೆತನದ ಇನ್ನೊಂದು ಪಾಲಿಮರ್ ಪಾಲಿಲ್ಯಾಕ್ಟಿಕ್ ಆಸಿಡ್, ಚಿಕ್ಕದಾಗಿ ಪಿ.ಎಲ್.ಎ. ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವನ್ನೇ ಸರಪಳಿಯಾಗಿ ಪೋಣಿಸಿದರೆ ಇದು ಆಗುತ್ತದೆ. ದೇಹದ ನೀರು ಮೆಲ್ಲಮೆಲ್ಲನೆ ಆ ಸರಪಳಿಯನ್ನು ಮತ್ತೆ ಬಿಡಿಸುತ್ತದೆ. ಮೂರನೆಯದು ಪಾಲಿಕ್ಯಾಪ್ರೊಲ್ಯಾಕ್ಟೋನ್, ಪಿ.ಸಿ.ಎಲ್. ಇದು ಇನ್ನೂ ನಿಧಾನಿ. ಪೂರ್ತಿ ಕರಗಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ.

ಆದರೆ ಪಾಲಿಮರ್ ಒಂದೇ ಸಾಲದು. ಮೂರು ಕಾರಣಗಳಿವೆ.

ಮೊದಲನೆಯದು ಗಡಸುತನ. ನಮ್ಮ ಗಟ್ಟಿ ಮೂಳೆಯ ಬಿಗುಪು ಸುಮಾರು 15ರಿಂದ 20 ಗಿಗಾಪಾಸ್ಕಲ್. ಪಿ.ಎಲ್.ಎ. ಸುಮಾರು 3, ಪಿ.ಸಿ.ಎಲ್. ಒಂದಕ್ಕಿಂತಲೂ ಕಡಿಮೆ. ಟೈಟಾನಿಯಂ ಹಾಕೋಣವೆಂದರೆ ಅದು 110ರ ಆಸುಪಾಸು. ಅದು ಭಾರವನ್ನೆಲ್ಲ ತಾನೇ ಹೊತ್ತುಬಿಡುತ್ತದೆ, ಪಕ್ಕದ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ. ಮೂಳೆಗೆ ದುಡಿಮೆ ಬೇಕು. ಕೂತು ಉಂಡರೆ ಅದು ಕರಗುತ್ತದೆ.

ಎರಡನೆಯದು ಹುಳಿ. ಪಿ.ಎಲ್.ಎ. ಒಡೆದಾಗ ಬರುವ ಆಮ್ಲ ಒಂದೇ ಕಡೆ ಹೆಚ್ಚಾದರೆ ಸುತ್ತಲಿನ ಅಂಗಾಂಶ ಉರಿಯುತ್ತದೆ. ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಬೆರೆಸಿದರೆ ಅದು ಸುಣ್ಣದ ಹಾಗೆ ಹುಳಿಯನ್ನು ತಗ್ಗಿಸುತ್ತದೆ.

ಮೂರನೆಯದು ರುಚಿ ಅನ್ನೋಣ. ಬರಿಯ ಪ್ಲಾಸ್ಟಿಕ್ ಮೈಗೆ ಜೀವಕೋಶಗಳು ಅಷ್ಟಾಗಿ ಅಂಟುವುದಿಲ್ಲ. ಮೂಳೆಯ ಖನಿಜದಂಥದ್ದು ಸಿಕ್ಕರೆ ಅವಕ್ಕೆ ಊರಿನ ಮಣ್ಣು ಸಿಕ್ಕಂತೆ.

ಇನ್ನು ಬರಿಯ ಖನಿಜದ ಹಂದರ ಮಾಡಿದರೆ? ಸುಟ್ಟ ಮೂಳೆಯ ಕಥೆ ನೆನಪಿಸಿಕೊಳ್ಳಿ, ಪಿಂಗಾಣಿಯಂತೆ ಒಡೆಯುತ್ತದೆ. ಆದ್ದರಿಂದ ಎರಡನ್ನೂ ಕೂಡಿಸಬೇಕು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ವಿಲಿಯಂ ಬಾನ್‌ಫೀಲ್ಡ್ 1980ರ ದಶಕದಲ್ಲಿ ಪಾಲಿಎಥಿಲೀನ್ ಮತ್ತು ಹೈಡ್ರಾಕ್ಸಿಅಪಟೈಟ್ ಸೇರಿಸಿ ಹ್ಯಾಪೆಕ್ಸ್ ಎಂಬ ಕಾಂಪೋಸಿಟ್ ಮಾಡಿದರು. ಅದು ಕಣ್ಣುಗುಡ್ಡೆಯ ಕೆಳಗಿನ ಮೂಳೆಗೆ, ಆಮೇಲೆ ಕಿವಿಯೊಳಗಿನ ಪುಟ್ಟ ಮೂಳೆಗಳ ಬದಲಿಗೆ ಬಳಕೆಯಾಯಿತು. ಅತ್ತ ಫ್ಲಾರಿಡಾದಲ್ಲಿ ಲ್ಯಾರಿ ಹೆಂಚ್ 1969ರಲ್ಲಿ ಮೂಳೆಗೆ ತಾನಾಗಿ ಬೆಸೆದುಕೊಳ್ಳುವ ಗಾಜನ್ನು ಕಂಡುಹಿಡಿದಿದ್ದರು. ಈ ಬಯೋಗ್ಲಾಸ್‌ನ ಪುಡಿಯನ್ನೂ ಇಂದು ಪಾಲಿಮರ್ ಹಂದರಗಳಿಗೆ ಬೆರೆಸುತ್ತಾರೆ. ಹ್ಯಾಪೆಕ್ಸ್ ಕರಗುವುದಿಲ್ಲ, ಇದ್ದಲ್ಲೇ ಉಳಿಯುತ್ತದೆ. ಆಮೇಲೆ ಬಂದವರ ಹಟ ಒಂದೇ: ಕೆಲಸ ಮುಗಿದ ಮೇಲೆ ಸೆಂಟ್ರಿಂಗ್ ತಾನಾಗಿ ಬಿಚ್ಚಿಕೊಳ್ಳಬೇಕು.

ಉಪ್ಪು, ಮೈಸೂರು ಪಾಕು, ಶಾವಿಗೆ ಒರಳು

ಹಂದರದಲ್ಲಿ ತೂತುಗಳಿರಬೇಕು. ಅದೂ ಒಂದರಿಂದ ಒಂದಕ್ಕೆ ದಾರಿ ಇರುವ ತೂತುಗಳು. ಜೀವಕೋಶ ನುಸುಳುವುದಕ್ಕೆ ಕನಿಷ್ಠ 100 ಮೈಕ್ರಾನ್ ಬೇಕು. ರಕ್ತನಾಳ ಹಬ್ಬಬೇಕಾದರೆ 300ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಒಂದು ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ ಅಳತೆ ಗೊತ್ತಾಗುತ್ತದೆ. ತೂತು ಹೆಚ್ಚಿದಷ್ಟೂ ಜೀವಕೋಶಗಳಿಗೆ ಅನುಕೂಲ, ಆದರೆ ಹಂದರ ದುರ್ಬಲ. ನಮ್ಮ ವೃತ್ತಿಯ ಅರ್ಧ ತಲೆನೋವು ಇದೇ.

ತೂತು ಮಾಡುವ ಹಳೆಯ ಉಪಾಯ ಉಪ್ಪಿನದು. ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಖನಿಜದ ಪುಡಿ ಕಲಸಿ, ಜರಡಿ ಹಿಡಿದ ಉಪ್ಪಿನ ಹರಳುಗಳನ್ನು ಸೇರಿಸುವುದು. ಆರಿದ ಮೇಲೆ ನೀರಿನಲ್ಲಿ ನೆನೆಹಾಕಿದರೆ ಉಪ್ಪು ಕರಗಿ, ಹರಳಿದ್ದ ಜಾಗವೆಲ್ಲ ತೂತು. ಸುಲಭ, ಅಗ್ಗ. ಆದರೆ ದ್ರಾವಕದ ಅಂಶ ಒಳಗೆ ಉಳಿಯಬಾರದು, ಮತ್ತೆ ಎಲ್ಲ ತೂತುಗಳೂ ಸೇರಿಕೊಂಡಿವೆ ಎಂಬ ಭರವಸೆ ಇಲ್ಲ.

ಎರಡನೆಯದಕ್ಕೆ ನಾನು ಮೈಸೂರು ಪಾಕಿನ ವಿಧಾನ ಎಂದು ಹೆಸರಿಟ್ಟಿದ್ದೇನೆ. ಕುದಿಯುವ ತುಪ್ಪ ಹುಯ್ದಾಗ ಪಾಕ ನೊರೆಯೆದ್ದು, ಆರಿದ ಮೇಲೆ ಗೂಡುಗೂಡಾಗಿ ನಿಲ್ಲುತ್ತದಲ್ಲ, ಹಾಗೆ. ನಮ್ಮ ಪಕ್ಕದ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಹೌಡಲ್, ಕೆವಿನ್ ಶೇಕ್ಸ್‌ಹೆಫ್ ಮತ್ತು ಸಂಗಡಿಗರು ತುಪ್ಪದ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಿದರು. 31 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ, ಗಾಳಿಯ ಒತ್ತಡದ 73 ಪಟ್ಟಿಗಿಂತ ಹೆಚ್ಚು ಒತ್ತಿದರೆ ಈ ಅನಿಲ ಅರ್ಧ ದ್ರವದಂತೆ ವರ್ತಿಸುತ್ತದೆ. ಪಾಲಿಮರ್ ಪುಡಿ ಅದರಲ್ಲಿ ಕಣಕದಂತೆ ಮೆದುವಾಗುತ್ತದೆ. ಒತ್ತಡ ಬಿಟ್ಟೊಡನೆ ಸೋಡಾ ಬಾಟಲಿ ತೆಗೆದಂತೆ ಗುಳ್ಳೆಯೆದ್ದು ಗಟ್ಟಿಯಾಗುತ್ತದೆ. ದ್ರಾವಕ ಬೇಡ, ಸುಡುವ ಬಿಸಿಯೂ ಬೇಡ. ಹಾಗಾಗಿ ಬಿಸಿಗೆ ಕೆಡುವ ಪ್ರೋಟೀನುಗಳನ್ನೂ ಹಂದರದೊಳಗೆ ಸೇರಿಸಬಹುದು.

ಮೂರನೆಯದು ಶಾವಿಗೆ ಒರಳು, ಅಂದರೆ ತ್ರೀಡಿ ಪ್ರಿಂಟಿಂಗ್. ಪಿ.ಸಿ.ಎಲ್. ಸುಮಾರು 60 ಡಿಗ್ರಿಗೇ ಕರಗುತ್ತದೆ. ಅದಕ್ಕೆ ಖನಿಜ ಬೆರೆಸಿ ಸಣ್ಣ ಕಂಡಿಯಿಂದ ಎಳೆಯಾಗಿ ಒತ್ತುತ್ತಾರೆ. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಎಳೆಗಳ ನಡುವಿನ ಜಾಗವೇ ತೂತು. ಎಷ್ಟು ಬೇಕೋ ಅಷ್ಟೇ ಅಳತೆ, ಎಲ್ಲವೂ ಸೇರಿಕೊಂಡಿರುತ್ತವೆ. ರೋಗಿಯ ಸಿ.ಟಿ. ಸ್ಕ್ಯಾನ್ ನೋಡಿ ಅದೇ ಆಕಾರದಲ್ಲಿ ಮಾಡಬಹುದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪಾವ್ಲೋ ಬಾರ್ಟೊಲೊ ಅವರ ಗುಂಪು ಇದರಲ್ಲಿ ಬಹಳ ಕೆಲಸ ಮಾಡಿತು. 2004ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಬೇರ್ಪಡಿಸಿದ ಗ್ರಾಫೀನನ್ನು ಚಿಟಿಕೆಯಷ್ಟು ಪಿ.ಸಿ.ಎಲ್.ಗೆ ಬೆರೆಸಿ ಜೀವಕೋಶಗಳು ಚೆನ್ನಾಗಿ ಅಂಟುತ್ತವೆಯೇ ಎಂದು 2016ರಲ್ಲಿ ನೋಡಿದರು. ಹೆಮ್ಮೆಯ ಮಾತೆಂದರೆ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೌಶಿಕ್ ಚಟರ್ಜಿಯವರ ಗುಂಪು ಪಿ.ಸಿ.ಎಲ್. ಮತ್ತು ಗ್ರಾಫೀನ್ ಕಾಂಪೋಸಿಟ್‌ಗಳ ಮೇಲೆ 2015ರಲ್ಲೇ ಪ್ರಬಂಧ ಪ್ರಕಟಿಸಿತ್ತು.

ಮ್ಯಾಂಚೆಸ್ಟರಿನ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಸಿರಿಯಾ ಯುದ್ಧದಲ್ಲಿ ಕಾಲಿನ ಮೂಳೆ ಕಳೆದುಕೊಂಡ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟುಕೊಂಡು ಬಾರ್ಟೊಲೊ, ಆಂಡ್ರ್ಯೂ ವೇಟ್‌ಮನ್ ಮತ್ತು ತುರ್ಕಿಯ ಸಂಗಡಿಗರು 'ಬೋನ್ ಬ್ರಿಕ್ಸ್' ಯೋಜನೆ ಹಿಡಿದರು. ಪಾಲಿಮರ್ ಮತ್ತು ಸೆರಾಮಿಕ್ ಸೇರಿಸಿ ಮಾಡಿದ ಪುಟ್ಟ ಇಟ್ಟಿಗೆಗಳು. ಮಕ್ಕಳ ಲೆಗೋ ಹಾಗೆ ಒಂದಕ್ಕೊಂದು ಸಿಕ್ಕಿಸಿ ಬೇಕಾದ ಉದ್ದಕ್ಕೆ ಜೋಡಿಸುವುದು. ಈಗಿನ ಒಂದು ಚಿಕಿತ್ಸೆಯಲ್ಲಿ ಕಾಲಿನ ಹೊರಗೆ ಲೋಹದ ಚೌಕಟ್ಟು ಕಟ್ಟಿ, ಮೂಳೆಯನ್ನು ದಿನಕ್ಕೆ ಒಂದು ಮಿಲಿಮೀಟರ್‌ನಂತೆ ಎಳೆಯುತ್ತ ತಿಂಗಳುಗಟ್ಟಲೆ ಕಾಯಬೇಕು. ಡೇರೆಯಲ್ಲಿ ಬದುಕುವವರಿಗೆ ಅದು ಸುಲಭವೇ?

ಹಾಗಾದರೆ ಆಸ್ಪತ್ರೆಯಲ್ಲಿ ಯಾಕಿಲ್ಲ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ.

ಲೀಡ್ಸ್‌ನ ಮೂಳೆ ಸರ್ಜನ್ ಪೀಟರ್ ಜಿಯಾನೌಡಿಸ್ ಮತ್ತು ಜೊತೆಗಾರರು 2007ರಲ್ಲಿ 'ಡೈಮಂಡ್ ಕಾನ್ಸೆಪ್ಟ್' ಎಂಬ ವಿಚಾರ ಮಂಡಿಸಿದರು. ಮೂಳೆ ಕೂಡಲು ವಜ್ರದ ನಾಲ್ಕು ಮೂಲೆಗಳಂತೆ ನಾಲ್ಕು ಅಂಶ ಬೇಕು: ಜೀವಕೋಶ, ಸಂದೇಶ ಕೊಡುವ ಪ್ರೋಟೀನು, ಹಂದರ, ಮತ್ತು ಅಲುಗಾಡದ ಆಧಾರ. ರಾಡ್, ಪ್ಲೇಟುಗಳಿಂದ ನಾಲ್ಕನೆಯದು ಸಿಗುತ್ತದೆ. ಸೊಂಟದ ಮೂಳೆ ಉಳಿದ ಮೂರನ್ನೂ ಒಟ್ಟಿಗೆ ತರುತ್ತದೆ. ನಾನು ಲ್ಯಾಬಿನಲ್ಲಿ ಮಾಡುವುದು ಹಂದರ ಒಂದನ್ನೇ. ಸೆಂಟ್ರಿಂಗ್ ಎಷ್ಟೇ ಚೆನ್ನಾಗಿದ್ದರೂ ಮೇಸ್ತ್ರಿ ಇಲ್ಲದೆ, ಸಿಮೆಂಟ್ ಇಲ್ಲದೆ ಮನೆ ಆಗುವುದಿಲ್ಲ.

ಎರಡನೆಯ ಅಡ್ಡಿ ರಕ್ತ. ರಕ್ತನಾಳದಿಂದ ಸುಮಾರು 200 ಮೈಕ್ರಾನ್ ದೂರದಾಚೆ ಜೀವಕೋಶಗಳಿಗೆ ಉಸಿರು ಸಿಗುವುದಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಬಟಾಣಿ ಗಾತ್ರದ ಹಂದರದಲ್ಲಿ ಎಲ್ಲವೂ ಚೆನ್ನ. ಬದನೆಕಾಯಿ ಗಾತ್ರದ್ದನ್ನು ಕಾಲಿನಲ್ಲಿಟ್ಟರೆ ನಡುವಿನ ಜೀವಕೋಶಗಳು ರಕ್ತನಾಳ ಬರುವ ಮೊದಲೇ ಸಾಯುತ್ತವೆ.

ಮೂರನೆಯದು ದುಡಿಮೆಯ ವಿಷಯ. ಜೀವಕೋಶಕ್ಕೆ ಭಾರದ ಅನುಭವ ಆಗಬೇಕು. ಸ್ಟ್ಯಾಫರ್ಡ್‌ಶೈರಿನ ಕೀಲ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ದುಡಿದು ನಂತರ ಬರ್ಮಿಂಗ್‌ಹ್ಯಾಮ್‌ಗೆ ಬಂದ ಅಲಿಸಿಯಾ ಎಲ್ ಹಾಜ್ ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಜೀವಕೋಶದ ಮೈಗೆ ಅತಿಸೂಕ್ಷ್ಮ ಅಯಸ್ಕಾಂತ ಕಣಗಳನ್ನು ಅಂಟಿಸಿ, ಹೊರಗಿನಿಂದ ಅಯಸ್ಕಾಂತ ಆಡಿಸಿದರೆ, ಭಾರ ಬಿದ್ದಂತೆ ಜೀವಕೋಶಕ್ಕೆ ಅನಿಸುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೆಲ್ತ್‌ಕೇರ್ ಟೆಕ್ನಾಲಜೀಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಲಿಯಾಮ್ ಗ್ರೋವರ್ ಮತ್ತಿತರರು ಮೂಳೆಯ ಸಿಮೆಂಟು, ಪ್ರಿಂಟಿಂಗ್ ಎರಡರಲ್ಲೂ ಕೆಲಸ ಮಾಡಿದ್ದಾರೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ತಾಳ್ಮೆ. ಇದನ್ನು ಕಲಿಸಿದ್ದು ನಮ್ಮ ಲ್ಯಾಂಕಾಷೈರ್. ಬರಿ ಪಟ್ಟಣದಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ಓದಿದ ಜಾನ್ ಚಾರ್ನ್ಲಿ, ವಿಗನ್ ಹತ್ತಿರದ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟವರು. ಅವರ ಮೊದಲ ಆಯ್ಕೆ ದೋಸೆ ಕಾವಲಿಗೆ ಹಾಕುವ ಟೆಫ್ಲಾನ್. ಜಾರುವ ಗುಣದಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ರೋಗಿಗಳು ಎದ್ದು ನಡೆದರು, ಎಲ್ಲರಿಗೂ ಸಂತೋಷ. ಸುಮಾರು 300 ಆಪರೇಷನ್ ಆದವು. ಕೆಲವು ವರ್ಷಗಳಲ್ಲಿ ಟೆಫ್ಲಾನ್ ಸವೆದು, ಉದುರಿದ ಪುಡಿ ಒಳಗೆಲ್ಲ ಗಡ್ಡೆ ಕಟ್ಟಿತು. ಹಾಕಿದ್ದನ್ನೆಲ್ಲ ಒಂದೊಂದಾಗಿ ತೆಗೆಯಬೇಕಾಯಿತು. 1962ರಲ್ಲಿ ಲ್ಯಾಂಕಾಷೈರಿನ ಮಗ್ಗಗಳಿಗೆ ಜರ್ಮನ್ ಪ್ಲಾಸ್ಟಿಕ್ ಬಿಡಿಭಾಗ ಮಾರಲು ಬಂದ ಒಬ್ಬ ಸೇಲ್ಸ್‌ಮನ್ ಒಂದು ಹೊಸ ಬಗೆಯ ಪಾಲಿಎಥಿಲೀನ್ ತೋರಿಸಿದ. ಯಂತ್ರದಲ್ಲಿ ಉಜ್ಜಿ ನೋಡಿದರೆ ಅದು ಸವೆಯಲೇ ಒಲ್ಲದು.  ಎರಡೂ ವಸ್ತುಗಳನ್ನು ಚಾರ್ನ್ಲಿ ತಮ್ಮ ತೊಡೆಯೊಳಗೇ ಹಾಕಿಸಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನ್ ಇದ್ದಲ್ಲಿ ಗಂಟು ಬಂತು, ಪಾಲಿಎಥಿಲೀನ್ ಸುಮ್ಮನಿತ್ತು. ಹೊಸ ವಸ್ತು ರೋಗಿಗಳಿಗೆ ಬಂದದ್ದು 1962ರ ನವೆಂಬರಿನಲ್ಲಿ. ಇಂದು ನಮ್ಮ ತಂದೆ ತಾಯಿಯರು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಹಾಕಿಸಿಕೊಳ್ಳುವ ಕೀಲುಗಳಿಗೂ ಅದೇ ಮೂಲ.

ಸವೆಯದ ವಸ್ತುವಿಗೇ ಇಷ್ಟು ಕಾಯಬೇಕಾಯಿತು. ನಾವು ಮಾಡುವುದು ಬೇಕೆಂದೇ ಕರಗುವ ವಸ್ತು. ಅದು ದಿನದಿನಕ್ಕೂ ಬದಲಾಗುತ್ತದೆ. ಆರು ತಿಂಗಳ ಹೊತ್ತಿಗೆ ಎಷ್ಟು ಬಲ ಉಳಿದಿರುತ್ತದೆ, ಅಷ್ಟರಲ್ಲಿ ಎಷ್ಟು ಮೂಳೆ ಬಂದಿರುತ್ತದೆ, ಇಪ್ಪತ್ತರ ಹುಡುಗನಲ್ಲಿ ಎಷ್ಟು, ಎಪ್ಪತ್ತರ ಅಜ್ಜಿಯಲ್ಲಿ ಎಷ್ಟು? ಉತ್ತರ ಗೊತ್ತಾಗುವ ಮೊದಲು ಒಬ್ಬರ ಕಾಲಿಗೆ ಹಾಕುವಂತಿಲ್ಲ.

ಹಾಗೆಂದು ಏನೂ ಬಂದಿಲ್ಲ ಎಂದಲ್ಲ. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಮಾಡಿಸಿಕೊಂಡ ನಿಮ್ಮಲ್ಲಿ ಕೆಲವರ ಮೂಳೆಯೊಳಗೆ ಪಿ.ಎಲ್.ಎ. ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಕಾಂಪೋಸಿಟ್‌ನ ಸ್ಕ್ರೂ ಇರಬಹುದು. ಸಿಂಗಪುರದ ಆಸ್ಟಿಯೋಪೋರ್ ಕಂಪನಿ ಪಿ.ಸಿ.ಎಲ್. ಎಳೆಗಳಿಂದ ಪ್ರಿಂಟ್ ಮಾಡಿದ ಬಿರಡೆಗಳನ್ನು ಮೆದುಳಿನ ಆಪರೇಷನ್ನಿನಲ್ಲಿ ತಲೆಬುರುಡೆಗೆ ಕೊರೆದ ತೂತು ಮುಚ್ಚಲು ಬಳಸುತ್ತಾರೆ. ಎರಡರಲ್ಲೂ ಗಮನಿಸಿ: ಜಾಗ ಚಿಕ್ಕದು, ಮೈಭಾರ ಹೊರುವ ಕೆಲಸ ಇಲ್ಲ. ಚಿಕ್ಕದರಿಂದ ದೊಡ್ಡದಕ್ಕೆ, ಹಗುರದಿಂದ ಭಾರಕ್ಕೆ, ಹೀಗೆಯೇ ಇದು ಬರುತ್ತದೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು

ಲ್ಯಾಬಿನವರು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೂಳೆ ಮುರಿದಾಗ ಸಿಗರೇಟು ಬಿಡುವುದು ಅರ್ಧ ಔಷಧಿಯಿದ್ದಂತೆ. ಧೂಮಪಾನದಿಂದ ಮೂಳೆ ಕೂಡುವುದು ತಡವಾಗುತ್ತದೆ. ಈ ದೇಶದ ಬಿಸಿಲಿನಲ್ಲಿ ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಸಾಲದು. ನಮ್ಮಂಥವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಿ ಎಂದು ಎನ್.ಎಚ್.ಎಸ್. ಹೇಳುತ್ತದೆ. ಬೇರೆ ಕಾಯಿಲೆ ಇರುವವರು ಜಿ.ಪಿ.ಯನ್ನು ಕೇಳಿ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸೊಂಟದ ಕೀಲು ಬದಲಿಸುವಾಗ ತೊಡೆಮೂಳೆಯ ಗುಂಡು ತಲೆಯನ್ನು ಕತ್ತರಿಸಿ ತೆಗೆಯುತ್ತಾರೆ. ಅದು ಸಾಮಾನ್ಯವಾಗಿ ಕಸಕ್ಕೆ ಹೋಗುತ್ತದೆ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಅದನ್ನು ದಾನ ಮಾಡಬಹುದು. ಎನ್.ಎಚ್.ಎಸ್.ನ ಅಂಗಾಂಶ ಬ್ಯಾಂಕ್ ಲಿವರ್‌ಪೂಲ್‌ನಲ್ಲಿದೆ. ಕೆಲವು ಪ್ರಶ್ನೆ, ಒಂದು ರಕ್ತಪರೀಕ್ಷೆ, ಒಂದು ಸಹಿ. ನಿಮ್ಮ ಆಪರೇಷನ್ನಿನಲ್ಲಿ ಯಾವ ಬದಲಾವಣೆಯೂ ಇಲ್ಲ. ಬೇರೊಬ್ಬರ ಮೂಳೆ ಕಟ್ಟಲು ಅದು ಪುಡಿಯಾಗಿ ಬಳಕೆಯಾಗುತ್ತದೆ. ನಮ್ಮ ಬಳಗದಲ್ಲಿ ಅರವತ್ತು ದಾಟಿದವರು ಈಗ ಬಹಳ ಮಂದಿ ಇದ್ದೀರಿ. ದಿನ ಗೊತ್ತಾದಾಗ ಒಂದು ಮಾತು ಕೇಳಿ ನೋಡಿ.

ಕಳೆದ ವಾರ ಆ ತಾಯಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ನಿಮ್ಮ ಮಗನ ಸೊಂಟ ಕೊಟ್ಟಿದ್ದರಲ್ಲಿ ಮೂರು ಪಾಲು ಇತ್ತು ಕಣಮ್ಮ, ನನ್ನ ಕೈಯಲ್ಲಿ ಇರೋದು ಒಂದೇ ಪಾಲು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ರೆ ಡಾಕ್ಟ್ರು ಸರಿಯಾಗೇ ಮಾಡಿದ್ರು ಅನ್ನಿ. ನಾನು ಸುಮ್ನೆ ಅವರ ಮೇಲೆ ಸಿಟ್ಟಾಗಿದ್ದೆ" ಎಂದರು. ಹೊಸ ಎಕ್ಸ್‌ರೇಯಲ್ಲಿ ಎರಡು ತುದಿಗಳ ನಡುವೆ ಬಿಳಿಯ ನೆರಳು ಕಾಣಿಸುತ್ತಿದೆಯಂತೆ. ಹುಡುಗ ಒಂದು ಊರುಗೋಲು ಬಿಟ್ಟಿದ್ದಾನೆ.

ಪ್ರಶ್ನೆಗಳಿದ್ದರೆ ದೀಪಾವಳಿ ಕಾರ್ಯಕ್ರಮದಲ್ಲಿ ಕೇಳಿ. ಈ ಸಲ ಒಬ್ಬಟ್ಟಿನ ಕಡೆ ಜಾರಿಕೊಳ್ಳುವುದಿಲ್ಲ.